ಮೈಕ್ ಕೈಗೆ ಕೊಡ್ತೀವಿ, ಮಾತಾಡೋಕೆ ಬಿಡಲ್ಲ

ಮಾನ್ಯ ಸಂಪಾದಕರೇ,

ಈಚೆಗೆ ನಮ್ಮ ತುಮಕೂರು ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಮಾತುಗಾರಿಕೆ ಕಲಿಸುವ ಶಿಬಿರಗಳ ಬ್ಯಾನರ್. ಎರಡು ದಿನದಲ್ಲಿ ವೇದಿಕೆ ಭಯ ಬಿಡಿಸುತ್ತೇವೆ, ವಾರದೊಳಗೆ ನಾಯಕರನ್ನಾಗಿ ಮಾಡುತ್ತೇವೆ ಅಂತ. ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲೂ 'ಇಂದಿನ ಯುವಜನರಲ್ಲಿ ಸಂವಹನ ಕೌಶಲ ಕಡಿಮೆಯಾಗುತ್ತಿದೆ' ಅಂತ ಯಾರಾದರೂ ಅತಿಥಿ ಬೇಸರ ಪಟ್ಟ ಸುದ್ದಿ ಬರುತ್ತಲೇ ಇರುತ್ತದೆ. ನಾನು ಗುಬ್ಬಿ ತಾಲ್ಲೂಕಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಶಾಲಾ ವಾರ್ಷಿಕೋತ್ಸವ, ರಾಜ್ಯೋತ್ಸವ, ಸಂಘದ ಮಹಾಸಭೆ, ಗ್ರಾಮಸಭೆ, ಪೌರಾಣಿಕ ನಾಟಕ, ಮದುವೆ, ಎಲ್ಲಕ್ಕೂ ಹೋಗುತ್ತೇನೆ. ಸೌಂಡ್ ಹೆಚ್ಚು ಕಡಿಮೆ ಮಾಡುವ ಮಿಕ್ಸರ್ ಮುಂದೆ ಕೂತು ಪ್ರತಿ ಭಾಷಣವನ್ನೂ ಮೊದಲಿನಿಂದ ಕೊನೆಯವರೆಗೆ ಕೇಳುವುದು ನನ್ನ ಹೊಟ್ಟೆಪಾಡು. ಮುಂದಿನ ಸಾಲಿನವರು ಫೋನ್ ಬಂದ ನೆಪ ಮಾಡಿ ಎದ್ದು ಹೋಗಬಹುದು, ನಾನು ಹೋಗುವ ಹಾಗಿಲ್ಲ. ಹಾಗಾಗಿ ಈ ವಿಷಯದಲ್ಲಿ ನಾಲ್ಕು ಮಾತು ಬರೆಯಲು ನನಗೂ ಅಧಿಕಾರ ಇದೆ ಅಂದುಕೊಂಡಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಜನಕ್ಕೆ ಮಾತು ಬರಲ್ಲ ಅನ್ನುವುದು ಶುದ್ಧ ಸುಳ್ಳು. ಅಂತರಸನಹಳ್ಳಿ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ ನೋಡಿ, ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಹತ್ತಿರ ಚಿಲ್ಲರೆಗೆ ಜಗಳ ಆಡುವ ಅಜ್ಜಿಯನ್ನು ನೋಡಿ. ಮಾತಿಗೆ ಬರ ಇಲ್ಲ. ಬರ ಇರುವುದು ಮೈಕ್ ಮುಂದೆ ನಿಂತಾಗ. ಅಲ್ಲಿ ನಾವು ನಮ್ಮ ಮಾತು ಬಿಟ್ಟು ಬೇರೆ ಯಾರದೋ ಮಾತು ಆಡಬೇಕು ಅಂತ ಮಕ್ಕಳಿಗೆ ಒಂದನೇ ಕ್ಲಾಸಿನಿಂದಲೇ ಕಲಿಸಿಬಿಟ್ಟಿದ್ದೇವೆ. ಕಲಿಸಿರುವುದೇ ತಪ್ಪು. ಅದನ್ನು ಸರಿಮಾಡದೆ ಎರಡು ದಿನದ ಶಿಬಿರ ಮಾಡಿದರೆ ಏನು ಬಂತು?

ಬೇಸಿಗೆ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಶುರು. ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸು, ಹಾರ್ಮೋನಿಯಂ ಮೇಷ್ಟ್ರು ಬಂದು ಒಂದೊಂದು ಪದವನ್ನೂ ತಿದ್ದುತ್ತಾರೆ. ಪಾತ್ರ ಮಾಡುವವರೇ ಕೈಯಿಂದ ದುಡ್ಡು ಹಾಕುತ್ತಾರೆ, ದುರ್ಯೋಧನ ಕೃಷ್ಣನಂಥ ದೊಡ್ಡ ಪಾತ್ರಕ್ಕೆ ಜಾಸ್ತಿ. ತೆಂಗಿನ ತೋಟದವರು, ಟೈಲರ್, ಟ್ರ್ಯಾಕ್ಟರ್ ಡ್ರೈವರ್, ಸೊಸೈಟಿ ಗುಮಾಸ್ತ, ಇವರೆಲ್ಲ ಬಣ್ಣ ಹಚ್ಚಿ ಗದೆ ಹಿಡಿದು ಬೆಳಗಿನವರೆಗೆ ನಿಂತು ಮಾತಾಡುತ್ತಾರೆ. ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ, ಇದೇ ಊರಿನಲ್ಲಿ. ಮೈಕ್ ಇಲ್ಲದ ಆ ಕಾಲದಲ್ಲಿ ಕೊನೆಯ ಸಾಲಿನ ಚಾಪೆ ಮೇಲೆ ಕೂತವನಿಗೂ ಕೇಳುವಂತೆ ಮಾತು ಎಸೆಯುವುದನ್ನು ಕಲಿತವರ ನಾಡು ಇದು. ತುಮಕೂರಿನ ಕಲಾಕ್ಷೇತ್ರಕ್ಕೆ ಆ ಕಂಪನಿ ಬೆಳೆಸಿದ ಗುಬ್ಬಿ ವೀರಣ್ಣನವರ ಹೆಸರು ಸುಮ್ನೆ ಇಟ್ಟಿಲ್ಲ.

ಈಗ ಅದೇ ದುರ್ಯೋಧನನನ್ನು ಗ್ರಾಮಸಭೆಯಲ್ಲಿ ನೋಡಿ. ಮೈಕ್ ನನ್ನದೇ. ಮೊನ್ನೆ ರಾತ್ರಿ ಭೀಮನನ್ನು ಗದರಿಸಿದ ಕಂಠವೂ ಅದೇ. ಸಭೆ ನೋಡಿಕೊಳ್ಳಲು ಬಂದ ನೋಡಲ್ ಅಧಿಕಾರಿ 'ಯಾರಾದರೂ ಮಾತಾಡುವವರಿದ್ದರೆ ಬನ್ನಿ' ಅಂತಾರೆ. ಇವನು ಮೂರನೇ ಸಾಲಿನಲ್ಲಿ ಕೂತು ನೆಲ ನೋಡುತ್ತಾನೆ. ಯಾರೋ ಬಲವಂತ ಮಾಡಿ ಎಬ್ಬಿಸಿದರೆ 'ಏನಿಲ್ಲ ಸಾರ್, ಎಲ್ಲ ಸರಿ ಐತೆ' ಅಂತ ಕೂತುಬಿಡುತ್ತಾನೆ. ಹೊರಗೆ ಬಂದು ಬೀಡಿ ಹಚ್ಚಿ, ಬೀದಿ ದೀಪ ಹಾಳಾಗಿರುವುದು, ನರೇಗಾ ಕೂಲಿ ಬಾರದಿರುವುದು, ಪಕ್ಕದ ಬೀದಿಗೆ ಮಾತ್ರ ನೀರು ಬಿಡುವುದು, ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳುತ್ತಾನೆ. ಎಷ್ಟು ಚೆನ್ನಾಗಿ ಹೇಳುತ್ತಾನೆ ಅಂದರೆ ಮೈಕ್ ಬಿಚ್ಚಿಟ್ಟೆನಲ್ಲಾ ಅಂತ ನನಗೆ ಹೊಟ್ಟೆ ಉರಿಯುತ್ತದೆ.

ಇದನ್ನು ವೇದಿಕೆ ಭಯ ಅನ್ನಬೇಕಾ? ವೇದಿಕೆ ಅವನಿಗೆ ಅಭ್ಯಾಸ ಇದೆ. ನಾಟಕದಲ್ಲಿ ಮಾತು ತಪ್ಪಾದರೆ ಮೇಷ್ಟ್ರು ಬೈಯುತ್ತಾರೆ, ಅಷ್ಟೆ. ಗ್ರಾಮಸಭೆಯಲ್ಲಿ ಮಾತು ಸರಿಯಾದರೇ ಕಷ್ಟ. ಎದುರಿಗೆ ಕೂತವರ ಕೈಯಲ್ಲಿ ಅವನ ಮನೆ ಮಂಜೂರಾತಿ ಇದೆ, ಖಾತೆ ಬದಲಾವಣೆ ಇದೆ. ಯಾರು ಏನಂದುಕೊಳ್ಳುತ್ತಾರೋ, ನಾಳೆ ಕಚೇರಿಗೆ ಹೋದರೆ ಹೇಗೆ ನೋಡುತ್ತಾರೋ. ಶಿಬಿರದವರು ಕನ್ನಡಿ ಮುಂದೆ ನಿಂತು ಆತ್ಮವಿಶ್ವಾಸ ಬೆಳೆಸಿಕೊಳ್ಳಿ ಅಂತಾರೆ. ಕನ್ನಡಿ ಯಾರ ಬಿಲ್ಲನ್ನೂ ತಡೆಹಿಡಿಯಲ್ಲ ಅಲ್ವಾ? ಕೇಳುವವರು ಎಂಥವರು ಅನ್ನುವುದೂ ಮಾತಿನ ಒಂದು ಭಾಗ. ಅದನ್ನು ಬಿಟ್ಟು ತಪ್ಪೆಲ್ಲ ಮಾತಾಡುವವನ ನಾಲಿಗೆಯದು ಅನ್ನುವುದು ನ್ಯಾಯ ಅಲ್ಲ.

ಆದರೂ ಅವನಿಗೆ ಒಂದು ದಾರಿ ಇದೆ, ಅದು ಮಾತುಗಾರಿಕೆಯ ಮೊದಲ ಪಾಠವೂ ಹೌದು. ಎದ್ದು ನಿಂತಾಗ ಮೂರೇ ವಿಷಯ ಹೇಳಿದರೆ ಸಾಕು. ಏನಾಗಿದೆ, ಎಲ್ಲಿ ಯಾವಾಗಿನಿಂದ ಆಗಿದೆ, ಈಗ ಏನು ಮಾಡಬೇಕು. 'ನಮ್ಮ ಮೇಲಿನ ಬೀದಿಯ ಬೋರ್‌ವೆಲ್ ಮೋಟಾರ್ ಸುಟ್ಟು ಹದಿನೈದು ದಿನ ಆಯ್ತು. ನಲವತ್ತು ಮನೆಯವರು ಕೆರೆ ಪಕ್ಕದ ತೊಂಬೆಗೆ ಹೋಗಿ ನೀರು ತರ್ತಿದ್ದಾರೆ. ಯಾವತ್ತು ರಿಪೇರಿ ಮಾಡಿಸ್ತೀರಿ, ದಿನಾಂಕ ಹೇಳಿ, ಅದನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ.' ಇಷ್ಟೆ. ಅರ್ಧ ನಿಮಿಷವೂ ಆಗಲ್ಲ. ಬೈಗುಳ ಇಲ್ಲ, ಗೋಗರೆಯುವುದೂ ಇಲ್ಲ, ಯಾರ ಹೆಸರೂ ಇಲ್ಲ. ಕೊನೆಯಲ್ಲಿ ಒಂದು ಪ್ರಶ್ನೆ ಇದೆ, ಅದಕ್ಕೆ ಉತ್ತರ ಕೊಡದೆ ಮುಂದಕ್ಕೆ ಹೋಗುವುದು ಕಷ್ಟ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು ಅಂತ ಕಾನೂನೇ ಇದೆ. ಮುಂದಿನ ಸಭೆಯಲ್ಲಿ ಅದೇ ನಡಾವಳಿ ತೆಗೆಸಿ ಓದಿಸಬಹುದು. ಒಬ್ಬನೇ ನಿಂತರೆ ಕಷ್ಟ ಅನ್ನಿಸಿದರೆ ಒಂದೇ ವಿಷಯಕ್ಕೆ ಬೀದಿಯ ಮೂವರು ಬೇರೆಬೇರೆಯಾಗಿ ಏಳಲಿ. ಹೆಂಗಸರ ಸ್ವಸಹಾಯ ಸಂಘದವರು ಇದನ್ನು ಈಗಾಗಲೇ ಗಂಡಸರಿಗಿಂತ ಚೆನ್ನಾಗಿ ಮಾಡುತ್ತಾರೆ. ವಾರವಾರ ಸಂಘದಲ್ಲಿ ಲೆಕ್ಕ ಒಪ್ಪಿಸಿ ಒಪ್ಪಿಸಿ ಅವರಿಗೆ ಮಾತು ಪಳಗಿದೆ.

ಈಗ ಶಾಲೆಗೆ ಬರೋಣ, ನನ್ನ ಮುಖ್ಯ ತಕರಾರು ಇರುವುದೇ ಅಲ್ಲಿ. ಭಾಷಣ ಸ್ಪರ್ಧೆ ಅಂತ ಬರೆದಿರುತ್ತಾರೆ, ನಡೆಯುವುದು ಕಂಠಪಾಠ ಸ್ಪರ್ಧೆ. ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠಕ್ಕೇ ಬೇರೆ ವಿಭಾಗ ಇದೆ, ಅದು ಇರಲಿ, ಒಳ್ಳೆಯದೇ, ಪದ್ಯ ಬಾಯಿಗೆ ಬಂದರೆ ನಾಲಿಗೆ ತಿರುಗುತ್ತದೆ. ಆದರೆ ಭಾಷಣವೂ ಅದೇ ಆದರೆ ಹೇಗೆ? ಮೇಷ್ಟ್ರೋ ಅಪ್ಪನೋ ಎರಡು ಪುಟ ಬರೆದುಕೊಡುತ್ತಾರೆ. ಅದರಲ್ಲಿ ಮಗುವಿನ ಬಾಯಲ್ಲಿ ಯಾವತ್ತೂ ಬರದ ಪದಗಳು. ಮಗು ಅದನ್ನು ಉರು ಹೊಡೆದು ಬಂದು, ಕೈ ಎತ್ತುವ ಜಾಗದಲ್ಲಿ ಕೈ ಎತ್ತಿ, ಉಸಿರು ಬಿಡದೆ ಒಪ್ಪಿಸಿ, ಕೊನೆಗೆ 'ಜೈ ಹಿಂದ್ ಜೈ ಕರ್ನಾಟಕ' ಅಂತ ಓಡಿಹೋಗುತ್ತದೆ. ಚಪ್ಪಾಳೆ.

ಒಂದು ಶಾಲೆಯಲ್ಲಿ ಹೀಗೇ ಆಯಿತು. ಆರನೇ ಕ್ಲಾಸಿನ ಹುಡುಗಿ, ವಿಷಯ ಪರಿಸರ ಸಂರಕ್ಷಣೆ. ಸ್ಟ್ಯಾಂಡ್ ದೊಡ್ಡವರ ಎತ್ತರಕ್ಕೆ ಇತ್ತು, ಮೈಕ್ ಅವಳ ಹಣೆಯ ಮುಂದೆ. ನಾನು ಓಡಿಹೋಗಿ ಇಳಿಸುವಷ್ಟರಲ್ಲಿ ಅವಳು ಶುರುಮಾಡಿದ್ದಳು. ಐದಾರು ವಾಕ್ಯ ಆದ ಮೇಲೆ ಒಂದು ಕಡೆ ನಿಂತುಹೋಯಿತು. ಮತ್ತೆ 'ಮಾನ್ಯ ಅಧ್ಯಕ್ಷರೇ' ಇಂದ ಶುರು. ಅದೇ ಜಾಗಕ್ಕೆ ಬಂದು ಮತ್ತೆ ನಿಂತಳು. ಮೂರನೇ ಸಲಕ್ಕೆ ಮೇಷ್ಟ್ರು ಕೆಳಗಿನಿಂದ ಪದ ಎತ್ತಿಕೊಟ್ಟರು, ಅದು ಅವಳಿಗೆ ಕೇಳಿಸಲಿಲ್ಲ, ಮಕ್ಕಳು ನಕ್ಕರು, ಇಳಿದು ಬಂದಳು. ಅರ್ಧ ಗಂಟೆ ಬಿಟ್ಟು ಡ್ಯಾನ್ಸ್ ನಡೆಯುವಾಗ ನನ್ನ ಮಿಕ್ಸರ್ ಹತ್ತಿರ ಬಂದು ನಿಂತಳು. ಇದೇನು ಅಂಕಲ್, ಇದ್ಯಾಕೆ ಮೇಲಕ್ಕೆ ಕೆಳಕ್ಕೆ ಹೋಗುತ್ತೆ, ಈ ಕೆಂಪು ಲೈಟ್ ಯಾಕೆ ಬರುತ್ತೆ ಅಂತ ಕೇಳಿದಳು, ಹೇಳಿದೆ. ಸ್ವಲ್ಪ ಹೊತ್ತಿಗೆ ಅವಳ ಗೆಳತಿಯರು ಬಂದರು. ಈ ಹುಡುಗಿ ಅವರಿಗೆ ಪಾಠ ಶುರುಮಾಡಿದಳು. 'ನೋಡ್ರೇ, ಇದು ಹಾಡಿನ ಮೈಕು, ಇದು ಭಾಷಣದ್ದು. ಇದನ್ನ ಮೇಲೆ ತಳ್ಳಿದ್ರೆ ಸೌಂಡ್ ಜಾಸ್ತಿ. ಕೆಂಪು ಬಂದ್ರೆ ಸೌಂಡು ಜಾಸ್ತಿ ಆಗಿ ಒಡೆಯುತ್ತೆ ಅಂತ ಅರ್ಥ, ಆಗ ಇಳಿಸ್ಬೇಕು.' ಬೆರಳಿಟ್ಟು ತೋರಿಸುತ್ತಾ, ಒಂದಾದ ಮೇಲೆ ಒಂದು, ಎಲ್ಲರ ಮುಖ ನೋಡುತ್ತಾ. ಒಬ್ಬಳಿಗೆ ಅರ್ಥ ಆಗಲಿಲ್ಲ ಅಂತ ಗೊತ್ತಾದ ಕೂಡಲೇ ಇನ್ನೊಂದು ರೀತಿ ಹೇಳಿದಳು. ಅಲ್ಲಿ ಕೂತಿದ್ದ ತೀರ್ಪುಗಾರರು ಇದನ್ನು ನೋಡಬೇಕಿತ್ತು. ಇದೇ ಭಾಷಣ. ವೇದಿಕೆ ಮೇಲೆ ನಡೆದದ್ದು ಪರೀಕ್ಷೆ.

ಹಾಗಾಗಿ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೆ. ಮಗುವಿಗೆ ಗೊತ್ತಿರುವ ವಿಷಯ ಕೊಡಿ. ಹಸು ಹಾಲು ಕರೆಯುವುದು ಹೇಗೆ, ಕೊಬ್ಬರಿ ಒಣಗಿಸುವುದು ಹೇಗೆ, ನಮ್ಮೂರ ಜಾತ್ರೆಯಲ್ಲಿ ತೇರು ಎಳೆಯುವಾಗ ಯಾರ್ಯಾರು ಏನೇನು ಮಾಡುತ್ತಾರೆ, ಸೈಕಲ್ ಪಂಕ್ಚರ್ ಹಾಕುವುದು ಹೇಗೆ. ಎರಡು ನಿಮಿಷ ಸಾಕು. ಬರೆದುಕೊಡಬೇಡಿ. ಬೇಕಾದರೆ ಚೀಟಿಯಲ್ಲಿ ನಾಲ್ಕೈದು ಪದ ಮಾತ್ರ ಬರೆದುಕೊಳ್ಳಲಿ. ಇಡೀ ವಾಕ್ಯ ಬರೆದರೆ ಕಣ್ಣು ಕಾಗದದಿಂದ ಮೇಲೆ ಏಳಲ್ಲ, ಉರು ಹೊಡೆದರೆ ಒಂದು ಪದ ಜಾರಿದ ಕೂಡಲೇ ಮುಂದಿನದೆಲ್ಲ ಹೋಯಿತು. ಪದ ಮಾತ್ರ ಇದ್ದರೆ ವಾಕ್ಯವನ್ನು ಅಲ್ಲೇ ಕಟ್ಟಬೇಕಾಗುತ್ತದೆ, ಆಗ ಬರುವುದು ಆಡುಮಾತು. ಮೊದಲ ವಾಕ್ಯ ಒಂದನ್ನು ಮಾತ್ರ ಗಟ್ಟಿಮಾಡಿಕೊಂಡು ಬರಲಿ, ಶುರುವಿನ ನಡುಕ ದಾಟಲು ಅದು ಬೇಕು. ಅಭ್ಯಾಸ ಮಾಡುವಾಗ ಮನಸ್ಸಿನಲ್ಲಿ ಓದಿಕೊಳ್ಳುವುದಲ್ಲ, ಎದ್ದು ನಿಂತು ಬಾಯಿ ಬಿಟ್ಟು ಹೇಳಬೇಕು, ಮನೆಯಲ್ಲಿ ಅಜ್ಜಿಗೋ ತಮ್ಮನಿಗೋ. ಅಜ್ಜಿಗೆ ಅರ್ಥ ಆದರೆ ತೀರ್ಪುಗಾರರಿಗೂ ಆಗುತ್ತದೆ.

ಇನ್ನೊಂದು ವಿಷಯ, ಇದು ಸ್ವಲ್ಪ ಸೂಕ್ಷ್ಮ. ನಮ್ಮ ಪಾವಗಡದ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಬೇರೆ ತಾಲ್ಲೂಕುಗಳಲ್ಲಿ ಉರ್ದು, ಲಂಬಾಣಿ ಮಾತಾಡುವ ಮನೆಗಳೂ ಇವೆ. ಅಚ್ಚಕನ್ನಡದ ಮನೆಯಲ್ಲೂ ಹಕಾರ ಅಕಾರ ಆಗುವುದು, ಮಹಾಪ್ರಾಣ ಹಗುರ ಆಗುವುದು ನಮ್ಮ ಸೀಮೆಯ ಮಾತಿನ ರೀತಿ. ತಿದ್ದಿ, ಬೇಡ ಅನ್ನಲ್ಲ. ಆದರೆ ಮೈಕ್ ಮುಂದೆ ನಿಂತಿರುವಾಗ ತಿದ್ದಬೇಡಿ, ನಗಬೇಡಿ. ಎಷ್ಟೋ ಮಕ್ಕಳು ಬಾಯಿ ಮುಚ್ಚಿದ್ದು ಆ ಒಂದು ನಗುವಿನಿಂದ. ಇದೇ ಮಕ್ಕಳು ಡಿಗ್ರಿ ಮುಗಿಸಿ ವಸಂತನರಸಾಪುರದ ಕಂಪನಿಗೆ ಸಂದರ್ಶನಕ್ಕೆ ಹೋದಾಗ 'ನಿಮ್ಮ ಬಗ್ಗೆ ಹೇಳಿ' ಅಂದರೆ ಊರು, ಅಪ್ಪನ ಹೆಸರು, ಪರ್ಸೆಂಟೇಜ್ ಹೇಳಿ ನಿಂತುಬಿಡುತ್ತಾರೆ. ಗೊತ್ತಿಲ್ಲ ಅಂತಲ್ಲ. ತನ್ನ ಬಗ್ಗೆ ತನ್ನ ಮಾತಿನಲ್ಲಿ ಹೇಳು ಅಂತ ಅವರಿಗೆ ಅಲ್ಲಿಯವರೆಗೆ ಯಾರೂ ಹೇಳಿರುವುದಿಲ್ಲ.

ಇದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ ಅವರು ಇಂಗ್ಲಿಷ್ ಪ್ರಾಧ್ಯಾಪಕರು. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘಕ್ಕೆ ಹೋಗಿ ಕನ್ನಡ ತಲೆ ಎತ್ತುವುದು ಹೇಗೆ ಅಂತ ಮಾತಾಡಿದರು. ಆ ಭಾಷಣವನ್ನು ಜನ ಇವತ್ತಿಗೂ ನೆನೆಯುತ್ತಾರೆ. ಯಾಕೆ? ಹೇಳಲು ಅವರ ಹತ್ತಿರ ಒಂದು ವಿಷಯ ಇತ್ತು. ನೂರು ವರ್ಷ ದಾಟಿದರೂ ಉಳಿದಿರುವುದು ಆ ವಿಷಯ. ಅವತ್ತು ಯಾರು ಯಾರಿಗೆ ಹಾರ ಹಾಕಿದರು ಅನ್ನುವುದು ಯಾರಿಗೆ ಬೇಕು?

ಭಯದ ಬಗ್ಗೆ ಹೇಳದೆ ಇದ್ದರೆ ಪತ್ರ ಅರ್ಧ ಆಗುತ್ತದೆ. ಎದೆ ಹೊಡೆದುಕೊಳ್ಳುವುದು, ಬಾಯಿ ಒಣಗುವುದು, ಅಂಗೈ ತಣ್ಣಗೆ ಬೆವರುವುದು, ಮಂಡಿ ನಡುಗುವುದು, ಇವೆಲ್ಲ ಅಡ್ರಿನಾಲಿನ್ ಕೆಲಸ. ಅಪಾಯ ಬಂದಾಗ ಓಡಲೋ ಹೊಡೆದಾಡಲೋ ಮೈ ತಯಾರಾಗುವ ರೀತಿ ಅದು. ಸಾವಿರ ಕಣ್ಣು ಒಟ್ಟಿಗೆ ನೋಡಿದರೆ ಮೈ ಅದನ್ನೂ ಅಪಾಯ ಅಂದುಕೊಳ್ಳುತ್ತದೆ. ಮೊದಲ ಒಂದೆರಡು ನಿಮಿಷ ಜೋರು, ಆಮೇಲೆ ತಾನಾಗಿ ಇಳಿಯುತ್ತದೆ. ಪಕ್ಕದಲ್ಲಿ ಕೂತು ನೋಡುವ ನನಗೆ ಅದು ಕಾಣಿಸುತ್ತದೆ, ಕಾಗದ ನಡುಗುವುದು ನಿಲ್ಲುವ ಕ್ಷಣ ಒಂದಿರುತ್ತದೆ. ಭಯ ಪೂರ್ತಿ ಹೋಗಬೇಕಾಗಿಯೂ ಇಲ್ಲ. 1891ರಲ್ಲಿ ಬ್ಯಾರಿಸ್ಟರ್ ಆಗಿ ಇಂಗ್ಲೆಂಡಿನಿಂದ ಬಂದ ಗಾಂಧೀಜಿ, ಬಾಂಬೆಯ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತು, ಸಾಕ್ಷಿಗೆ ಕೇಳಲು ಒಂದು ಪ್ರಶ್ನೆಯೂ ಹೊಳೆಯದೆ, ತಲೆ ಸುತ್ತಿ ಕೂತುಬಿಟ್ಟರು. ಫೀಸು ವಾಪಸ್ ತೆಗೆದುಕೊಂಡು ಬೇರೆ ವಕೀಲರನ್ನು ಇಟ್ಟುಕೊಳ್ಳಿ ಅಂದರು. ಅವರೇ ಬರೆದುಕೊಂಡಿದ್ದಾರೆ. ಮಾತಿಗೆ ಹಿಂಜರಿಯುತ್ತಿದ್ದುದರಿಂದಲೇ ಪದಗಳನ್ನು ಅಳೆದು ಬಳಸುವುದು ಕಲಿತೆ ಅಂತಲೂ ಹೇಳಿದ್ದಾರೆ. ಗಾಂಧೀಜಿ ಹೆಸರಲ್ಲಿ ಮುಕ್ಕಾಲು ಗಂಟೆ ಭಾಷಣ ಮಾಡುವವರು ಇದನ್ನು ಒಂದು ಸಲ ಓದಬೇಕು.

ಭಯ ಕಡಿಮೆ ಮಾಡಲು ಮೂಗಿನಿಂದ ನಿಧಾನಕ್ಕೆ ಉಸಿರು ಎಳೆದು, ಇನ್ನೂ ನಿಧಾನಕ್ಕೆ ಬಿಡಿ. ಎಳೆಯುವಾಗ ಭುಜ ಏಳಬಾರದು, ಹೊಟ್ಟೆ ಮುಂದಕ್ಕೆ ಬರಬೇಕು. ಉಸಿರು ಮೇಲೆಮೇಲೆ ಇದ್ದರೆ ದನಿ ಕೀರಲು, ವಾಕ್ಯದ ಕೊನೆ ನುಂಗಿಹೋಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ. ಅದನ್ನೇ ನುಂಗಿದರೆ ಆಯಿತಾ ಆಗಲಿಲ್ಲವಾ ಅಂತಲೇ ಗೊತ್ತಾಗಲ್ಲ. ಬೇಕಾದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿ. ಛೀ ಇದು ನನ್ನ ದನಿಯಾ ಅನ್ನಿಸುತ್ತದೆ, ಎಲ್ಲರಿಗೂ ಹಾಗೇ. ನಮ್ಮ ಮಾತು ನಮಗೆ ಗಾಳಿಯಿಂದಲೂ ಕೇಳುತ್ತದೆ, ತಲೆಯ ಮೂಳೆಯಿಂದಲೂ ಕೇಳುತ್ತದೆ, ಹಾಗಾಗಿ ದಪ್ಪ ಕೇಳುತ್ತದೆ. ರೆಕಾರ್ಡಿನಲ್ಲಿ ಮೂಳೆಯ ಪಾಲು ಇರುವುದಿಲ್ಲ. ಅದೇ ನೀವು, ಊರಿಗೆಲ್ಲ ಕೇಳುವುದು ಅದೇ ದನಿ. ಒಗ್ಗಿಕೊಳ್ಳಿ.

ಇನ್ನು ಮೈಕು. ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ, ಅನ್ನ ಕೊಡುವ ವಸ್ತು. ಮೈಕ್ ಬಾಯಿಯಿಂದ ನಾಲ್ಕು ಬೆರಳು ದೂರ ಇರಲಿ. ದೂರ ಎರಡು ಪಟ್ಟಾದರೆ ಅದಕ್ಕೆ ಬೀಳುವ ಶಬ್ದದ ಶಕ್ತಿ ಅರ್ಧ ಆಗುವುದಿಲ್ಲ, ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಮೈಕನ್ನು ಎದೆಯ ಹತ್ತಿರ ಹಿಡಿದು 'ಸೌಂಡ್ ಬರ್ತಿಲ್ಲ, ಮೈಕಿನವರೇ ಸ್ವಲ್ಪ ನೋಡ್ರೀ' ಅಂದರೆ ನಾನೇನು ನೋಡಲಿ? ನಾನು ಸೌಂಡ್ ಏರಿಸುತ್ತೇನೆ, ಆಗ ಕುಯ್ ಅಂತ ಕಿರುಚುತ್ತದೆ. ಮೈಕಿನಿಂದ ಹೋದ ಶಬ್ದ ಸ್ಪೀಕರ್ ಬಾಕ್ಸಿನಿಂದ ಹೊರಗೆ ಬಂದು, ಮತ್ತೆ ಅದೇ ಮೈಕಿಗೆ ನುಗ್ಗಿ, ಇನ್ನೂ ದೊಡ್ಡದಾಗಿ ಹೊರಬಂದು, ಮತ್ತೆ ನುಗ್ಗಿ, ಹೀಗೆ ಸುತ್ತಿ ಸುತ್ತಿ ಬರುವ ಶಬ್ದ ಅದು. ಅದಕ್ಕೇ ಬಾಕ್ಸುಗಳನ್ನು ಮೈಕಿಗಿಂತ ಮುಂದೆ, ಜನರ ಕಡೆಗೆ ಇಡುವುದು. ವೇದಿಕೆ ಕಾಣಲ್ಲ ಅಂತ ಆಯೋಜಕರು ಅದನ್ನು ಹಿಂದಕ್ಕೆ ಸರಿಸುತ್ತಾರೆ, ಆಮೇಲೆ ನನಗೇ ಬೈಗುಳ. ಮಾತಾಡುವವರು ಕಾರ್ಡ್‌ಲೆಸ್ ಹಿಡಿದು ಬಾಕ್ಸಿನ ಮುಂದೆ ನಡೆದುಕೊಂಡು ಹೋದರೂ ಅದೇ ಕಥೆ.

ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವುದು ಈಗಿನ ಹುಡುಗರಿಗೆ ಫ್ಯಾಷನ್. ವೇದಿಕೆಯ ಮೈಕು ಮುಂದಿನ ಶಬ್ದವನ್ನು ಹಿಡಿದು ಹಿಂದಿನದನ್ನು ಬಿಡುವಂತೆ ಮಾಡಿರುತ್ತಾರೆ. ಜಾಲರಿಯ ಕೆಳಗೆ ಹಿಂಭಾಗದ ಸಂದಿಯಿಂದ ಗಾಳಿ ಆಡುವುದರಿಂದ ಆ ಗುಣ ಬರುತ್ತದೆ. ಅದನ್ನು ಮುಚ್ಚಿದರೆ ಎಲ್ಲ ಕಡೆಯ ಶಬ್ದವನ್ನೂ ಹಿಡಿಯುತ್ತದೆ, ಮಾತು ಗೊಗ್ಗರಾಗುತ್ತದೆ, ಕಿರುಚಾಟ ಜಾಸ್ತಿ. ಊದಿ ನೋಡಬೇಡಿ, ಬೆರಳಿನಲ್ಲಿ ಬಡಿಯಬೇಡಿ, ಒಂದು ವಾಕ್ಯ ಮಾತಾಡಿ ನೋಡಿ. ಮೈಕ್ ನೇರ ಬಾಯಿಗೆ ಎದುರಾಗಿ ಬೇಡ, ತುಸು ಕೆಳಗೆ ಓರೆಯಾಗಿ ಇರಲಿ. ಪ, ಫ, ಬ, ಭ ಹೇಳುವಾಗ ತುಟಿಯಿಂದ ಗಾಳಿ ನುಗ್ಗುತ್ತದೆ, ಎದುರಿಗೇ ಇದ್ದರೆ 'ಭಾರತ' ಅನ್ನುವಾಗೆಲ್ಲ ಪಟಾಕಿ ಹೊಡೆದಂತೆ ಕೇಳುತ್ತದೆ. ಆಮೇಲೆ ಈ ಎಕೋ. 'ಸ್ವಲ್ಪ ಎಕೋ ಕೊಡಪ್ಪಾ, ಗತ್ತಾಗಿರುತ್ತೆ' ಅಂತಾರೆ. ಹಾಡಿಗೆ, ನಾಟಕದ ಪದಕ್ಕೆ ಎಕೋ ಬೇಕು. ಭಾಷಣಕ್ಕೆ ಎಕೋ ಕೊಟ್ಟರೆ ಒಂದು ಪದದ ಬಾಲ ಇನ್ನೊಂದು ಪದದ ತಲೆ ಮೇಲೆ ಬಿದ್ದು ಏನೂ ತಿಳಿಯಲ್ಲ. ಗತ್ತು ಉಳಿಯುತ್ತದೆ, ಮಾತು ಹೋಗುತ್ತದೆ. ಕೆಲವರಿಗೆ ಅಷ್ಟೇ ಬೇಕಾಗಿರುವುದೂ ಉಂಟು.

ಶಿಬಿರದವರ ಒಂದು ಲೆಕ್ಕದ ಬಗ್ಗೆ ಹೇಳಲೇಬೇಕು. ಪರದೆ ಮೇಲೆ ದೊಡ್ಡ ಅಕ್ಷರದಲ್ಲಿ ತೋರಿಸುತ್ತಾರೆ. ಸಂವಹನದಲ್ಲಿ ಪದಗಳದ್ದು ಬರೀ ಶೇ 7, ದನಿಯದ್ದು ಶೇ 38, ಹಾವಭಾವದ್ದು ಶೇ 55 ಅಂತ. ಹಾಗಾಗಿ ಏನು ಹೇಳುತ್ತೀರಿ ಅನ್ನುವುದು ಮುಖ್ಯ ಅಲ್ಲವಂತೆ. ಈ ಲೆಕ್ಕ ಬಂದದ್ದು ಅಮೆರಿಕದ ಆಲ್ಬರ್ಟ್ ಮೆಹ್ರಾಬಿಯನ್ ಅನ್ನುವ ಮನೋವಿಜ್ಞಾನಿ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ. ಅವರು ನೋಡಿದ್ದು ಬೇರೆ. ಒಂದೊಂದೇ ಪದವನ್ನು ಬೇರೆಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ಹೇಳುವವನಿಗೆ ಇಷ್ಟವೋ ಇಷ್ಟವಿಲ್ಲವೋ ಅಂತ ಊಹಿಸಲು ಹೇಳಿದ್ದರು. ಬಾಯಿ ಒಂದು ಹೇಳಿ ಮುಖ ಇನ್ನೊಂದು ಹೇಳಿದಾಗ ಜನ ಯಾವುದನ್ನು ನಂಬುತ್ತಾರೆ ಅನ್ನುವ ಪ್ರಶ್ನೆ ಅದು. ಎಲ್ಲ ಮಾತಿಗೂ ಇದನ್ನು ಅಂಟಿಸಬೇಡಿ ಅಂತ ಅವರೇ ಹೇಳಿದ್ದಾರೆ. ಅನುಮಾನ ಇದ್ದವರು ಇವತ್ತು ರಾತ್ರಿ ಟಿವಿ ಮ್ಯೂಟ್ ಮಾಡಿ ವಾರ್ತೆ ನೋಡಿ. ಶೇ 55 ಸುದ್ದಿ ಗೊತ್ತಾಗುತ್ತಾ? ಫೀಸು ಕೊಟ್ಟು ಕಲಿಯಲು ಹೋದ ಹುಡುಗರಿಗೆ ಹೇಳುವ ವಿಷಯಕ್ಕೆ ಬೆಲೆ ಇಲ್ಲ, ಕೋಟು ಕೈ ಬೀಸಾಟ ಇದ್ದರೆ ಸಾಕು ಅಂತ ಹೇಳಿಕಳಿಸುವುದು ಒಳ್ಳೆಯದಲ್ಲ.

ಕೊನೆಗೆ ನಮ್ಮ ದೊಡ್ಡವರ ಸಭೆಗಳು. ಹತ್ತೂವರೆಗೆ ಅಂತ ಕಾರ್ಡಿನಲ್ಲಿ, ಹನ್ನೆರಡಕ್ಕೆ ದೀಪ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಹಾರ, ಪೇಟ, ಶಾಲು, ನೆನಪಿನ ಕಾಣಿಕೆ. ಒಬ್ಬೊಬ್ಬರೂ ಎದ್ದು ವೇದಿಕೆ ಮೇಲಿರುವ ಅಷ್ಟೂ ಜನರ ಹೆಸರು, ಹುದ್ದೆ ಹೇಳುತ್ತಾರೆ. ವೇದಿಕೆ ಮೇಲೆ ಹದಿನೈದು ಜನ ಇದ್ದರೆ, ಹದಿನೈದು ಜನವೂ ಹದಿನೈದು ಹೆಸರು ಹೇಳಿದರೆ, ಲೆಕ್ಕ ನೀವೇ ಹಾಕಿ. ಒಬ್ಬರ ಹೆಸರು ಬಿಟ್ಟುಹೋದರೆ ಚೀಟಿ ಬರುತ್ತದೆ, ಮತ್ತೆ ಕ್ಷಮೆ. 'ಈ ಒಂದು ಕಾರ್ಯಕ್ರಮದ ಈ ಒಂದು ವೇದಿಕೆಯ ಈ ಒಂದು ಶುಭ ಸಂದರ್ಭದಲ್ಲಿ' ಅಂತ ಎಳೆಯುತ್ತಾರೆ, ಸುಮ್ಮನೆ ಒಂದು ಕ್ಷಣ ನಿಲ್ಲಲು ಹೆದರಿಕೆ ಇರುವುದರಿಂದ. ನಿಲ್ಲಿ ಸ್ವಾಮಿ, ಏನೂ ಆಗಲ್ಲ, ಜನ ನಿಮ್ಮ ಮುಖ ನೋಡುವುದೇ ನೀವು ನಿಲ್ಲಿಸಿದಾಗ. ಮಾತಿನ ಬಗ್ಗೆ ಇರುವ ಎಲ್ಲ ಗಾದೆ, ಎಲ್ಲ ವಚನ ಒಂದರ ಹಿಂದೆ ಒಂದು ಹೇಳಿ, 'ಸಮಯದ ಅಭಾವ ಇರುವುದರಿಂದ ಎರಡೇ ಮಾತು' ಅಂದರೆ ನಾನು ಚೇರಿಗೆ ಒರಗಿಕೊಳ್ಳುತ್ತೇನೆ, ಇನ್ನು ನಲವತ್ತು ನಿಮಿಷ ಖಾತ್ರಿ. ವಿಷಯ ಗೊತ್ತಿರುವ ಉಪನ್ಯಾಸಕರನ್ನು ದೂರದಿಂದ ಕರೆಸಿರುತ್ತಾರೆ. ಅವರಿಗೆ ಮೈಕ್ ಸಿಗುವಾಗ ಎರಡು ಗಂಟೆ, ಹಿಂದಿನಿಂದ ಸಾರಿನ ಒಗ್ಗರಣೆ ವಾಸನೆ.

1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಟೋಸ್ಟ್‌ಮಾಸ್ಟರ್ಸ್ ಅನ್ನುವ ಕೂಟ ಇದೆ, ಬೆಂಗಳೂರಿನಲ್ಲೂ ಅದರ ಶಾಖೆಗಳಿವೆ. ಅಲ್ಲಿ ಸದಸ್ಯರು ಸರದಿಯಲ್ಲಿ ಐದಾರು ನಿಮಿಷ ಮಾತಾಡುತ್ತಾರೆ, ಒಬ್ಬರು ಗಡಿಯಾರ ನೋಡುತ್ತಾರೆ. ಕನಿಷ್ಠ ಹೊತ್ತು ಆದಾಗ ಹಸಿರು, ಮಧ್ಯೆ ಹಳದಿ, ಮುಗಿಸಲು ಕೆಂಪು ದೀಪ. ಮಾತು ಮುಗಿದ ಮೇಲೆ ಇನ್ನೊಬ್ಬರು ಎದ್ದು ಯಾವುದು ಚೆನ್ನಾಗಿತ್ತು, ಯಾವುದು ತಿದ್ದಬೇಕು ಅಂತ ಅಲ್ಲೇ ಹೇಳುತ್ತಾರೆ. ಇದಕ್ಕೇನು ದೊಡ್ಡ ಸಲಕರಣೆ ಬೇಕು? ನಮ್ಮ ತಾಲ್ಲೂಕಿನ ಯಾವುದಾದರೂ ಲೈಬ್ರರಿಯೋ ಹೈಸ್ಕೂಲೋ ಭಾನುವಾರ ಒಂದು ಕೋಣೆ ಕೊಟ್ಟರೆ ಒಂದು ಮೈಕು, ಒಂದು ಸಣ್ಣ ಬಾಕ್ಸು ನನ್ನದು, ಬಾಡಿಗೆ ಬೇಡ. ಮೂರು ಬಣ್ಣದ ಬಲ್ಬನ್ನೂ ನಾನೇ ಕಟ್ಟಿಕೊಡುತ್ತೇನೆ. ಹುಡುಗರೂ ಬರಲಿ, ಹೆಂಗಸರೂ ಬರಲಿ, ನಮ್ಮ ದುರ್ಯೋಧನನೂ ಬರಲಿ. ಅಧ್ಯಕ್ಷರು, ಉದ್ಘಾಟಕರು ಮಾತ್ರ ಬೇಡ.

ಸಂಪಾದಕರೇ, ನಿಮಗೂ ಒಂದು ಮಾತು. ಬೇಜಾರು ಮಾಡಿಕೊಳ್ಳಬೇಡಿ. ಸಭೆಯ ಸುದ್ದಿ ಹಾಕುವಾಗ ಅರ್ಧ ಸುದ್ದಿ 'ಮುಂತಾದವರು ಉಪಸ್ಥಿತರಿದ್ದರು' ಅನ್ನುವ ಹೆಸರುಗಳ ಪಟ್ಟಿಯೇ ಆಗಿರುತ್ತದೆ. ಪೇಪರಿನಲ್ಲಿ ಹೆಸರು ಬಂದರೆ ಸಾಕು ಅಂತ ಗೊತ್ತಿರುವಾಗ ಮಾತಿಗೆ ಯಾರು ತಯಾರಾಗಿ ಬರುತ್ತಾರೆ? ಆ ಪಟ್ಟಿ ತೆಗೆದುಹಾಕಿ, ಆ ಜಾಗದಲ್ಲಿ ಅವರು ಹೇಳಿದ್ದರಲ್ಲಿ ಹೊಸದೇನಿತ್ತು ಅಂತ ಎರಡು ಸಾಲು ಹಾಕಿ. ಹೊಸದು ಏನೂ ಇಲ್ಲದಿದ್ದರೆ ಸುದ್ದಿಯೇ ಬೇಡ. ಗ್ರಾಮಸಭೆಗಳಿಗೆ ವರದಿಗಾರರನ್ನು ಕಳಿಸಿ, ಯಾರು ಯಾವ ಪ್ರಶ್ನೆ ಕೇಳಿದರು, ಅಧಿಕಾರಿ ಏನು ಉತ್ತರ ಕೊಟ್ಟರು, ಯಾವ ದಿನಾಂಕ ಕೊಟ್ಟರು ಅನ್ನುವುದನ್ನು ಅಚ್ಚುಹಾಕಿ. ಎದ್ದು ನಿಂತು ಕೇಳಿದ್ದು ಪೇಪರಿನಲ್ಲಿ ಬರುತ್ತದೆ ಅಂತ ಗೊತ್ತಾದರೆ ಕೇಳುವವನಿಗೂ ಧೈರ್ಯ, ಉತ್ತರ ಕೊಡುವವರಿಗೂ ಸ್ವಲ್ಪ ಎಚ್ಚರ.

ಇತಿ,
ಮೈಕ್ ಸೆಟ್ ಬಾಡಿಗೆಯವ
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ